ಲೋಣಾವಳೆಯ ಕಲ್ಲಚ್ಚು, ಪ್ರೊಫೆಸರ್ ಕೆಲ್ಫಾನ ಕಣ್ಕಟ್ಟು

ಲೋಣಾವಳಾ ಅಂದ ಕೂಡಲೇ ನಮ್ಮ ಪುಣೆ-ಮುಂಬಯಿ ಕನ್ನಡಿಗರ ಬಾಯಲ್ಲಿ ಮೊದಲು ಬರುವುದು ಚಿಕ್ಕಿ. ಆಮೇಲೆ ಮಳೆ, ಭುಶಿ ಡ್ಯಾಮು, ಘಾಟಿನ ಸುರಂಗಗಳು. ಊರಿನಿಂದ ಯಾರಾದರೂ ಬಂದರೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು, ನಾಲ್ಕು ಫೋಟೋ, ಎರಡು ಪೊಟ್ಟಣ ಚಿಕ್ಕಿ, ಸಂಜೆಗೆ ವಾಪಸು. ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾದ ನನ್ನಂಥವನ ಲೋಣಾವಳಾ ಜ್ಞಾನವೂ ಬಹುಕಾಲ ಇಷ್ಟೇ ಇತ್ತು. ಈ ಊರಿನಲ್ಲಿ ಒಂದು ಕಾಲಕ್ಕೆ ಒಬ್ಬ ಜಾದೂಗಾರ ಅಂಗಡಿ ಇಟ್ಟಿದ್ದ, ಅವನ ಅಂಗಡಿಯಿಂದಲೇ ನಮ್ಮ ದೇಶದ ಸಿನಿಮಾಕ್ಕೆ ಒಂದು ದಾರಿ ಹೋಗುತ್ತದೆ ಎಂದು ಗೊತ್ತಾದದ್ದು ಆಮೇಲೆ.

ಅದು ಗೊತ್ತಾಗಲು ಕಾರಣ ಒಂದು ಇಂಗ್ಲಿಷ್ ಸಿನಿಮಾ. 2006ರಲ್ಲಿ ಜಾದೂಗಾರರ ಮೇಲೆ ಎರಡು ಚಿತ್ರಗಳು ಒಟ್ಟೊಟ್ಟಿಗೆ ಬಂದವು, ನೆನಪಿರಬಹುದು. ಒಂದು ಕ್ರಿಸ್ಟೋಫರ್ ನೋಲನ್‌ನ 'ದಿ ಪ್ರೆಸ್ಟೀಜ್', ಇನ್ನೊಂದು ನೀಲ್ ಬರ್ಗರ್‌ನ 'ದಿ ಇಲ್ಯೂಷನಿಸ್ಟ್'. ಎಲ್ಲರೂ ಮೊದಲನೆಯದನ್ನೇ ಹೊಗಳುತ್ತಾರೆ, ನನಗೆ ಹಿಡಿಸಿದ್ದು ಎರಡನೆಯದು. ಹತ್ತೊಂಬತ್ತನೇ ಶತಮಾನ ಮುಗಿಯುತ್ತಿರುವ ವಿಯೆನ್ನಾ, ಐಸೆನ್‌ಹೈಮ್ ಎಂಬ ಜಾದೂಗಾರ, ಅವನ ಬಾಲ್ಯದ ಗೆಳತಿ ಸೋಫಿ, ಅವಳನ್ನು ಮದುವೆಯಾಗಲು ಹೊರಟ ಯುವರಾಜ, ನಡುವೆ ಸಿಕ್ಕಿಬಿದ್ದ ಒಬ್ಬ ಪೊಲೀಸ್ ಅಧಿಕಾರಿ. ಸ್ಟೀವನ್ ಮಿಲ್‌ಹೌಸರ್‌ನ ಒಂದು ಸಣ್ಣ ಕಥೆಯನ್ನು ಹಿಗ್ಗಿಸಿ ಮಾಡಿದ ಚಿತ್ರ. ಕೊನೆ ಏನೆಂದು ಹೇಳುವುದಿಲ್ಲ, ನೋಡದವರು ನೋಡಿ. ಇಡೀ ಕಥೆ ನಿಂತಿರುವುದು ಸೋಫಿ ಕಣ್ಮರೆಯಾಗುವ ವಿಷಯದ ಮೇಲೆ ಎಂದಷ್ಟೇ ಹೇಳಬಹುದು.

ಚಿತ್ರ ಮುಗಿದ ಮೇಲೆ ಮನೆಯವಳು ಒಂದು ಪ್ರಶ್ನೆ ಕೇಳಿದಳು. "ಅಲ್ರೀ, ಈ ಜಾದೂದೊಳಗ ಮಾಯ ಆಗೂದು ಯಾವಾಗ್ಲೂ ಹೆಂಗಸರೇ ಯಾಕ?" ನನ್ನ ಹತ್ತಿರ ಉತ್ತರ ಇರಲಿಲ್ಲ. 'ಪ್ರೆಸ್ಟೀಜ್'ನಲ್ಲೂ ಮೊದಲು ಬಲಿಯಾಗುವವಳು ಜಾದೂಗಾರನ ಹೆಂಡತಿಯೇ. ಆ ಪ್ರಶ್ನೆ ತಲೆಯಲ್ಲಿ ಕೂತು, ಜಾದೂವಿನ ಇತಿಹಾಸ ಓದುತ್ತಾ ಓದುತ್ತಾ ನಾನು ಬಂದು ನಿಂತದ್ದು ನಮ್ಮ ಲೋಕಲ್ ಟ್ರೇನಿನ ಕೊನೆಯ ಸ್ಟೇಷನ್ನಿಗೆ!

ಲೋಣಾವಳೆಯ ಆ ಜಾದೂಗಾರನ ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ. ಹೌದು, ದಾದಾಸಾಹೇಬ್ ಫಾಲ್ಕೆಯೇ. ಸಿನಿಮಾದವರಿಗೆ ಕೊಡುವ ದೊಡ್ಡ ಪ್ರಶಸ್ತಿಯ ಹೆಸರಾಗಿ ಮಾತ್ರ ನಮಗೆ ಗೊತ್ತಿರುವ ಮನುಷ್ಯ. ಕ್ಯಾಮೆರಾ ಕೈಗೆ ಬರುವುದಕ್ಕೆ ಹತ್ತು ವರ್ಷ ಮೊದಲೇ ಅವರು ಟಿಕೆಟ್ ಕೊಂಡ ಜನರೆದುರು ವೇದಿಕೆ ಹತ್ತಿ ಜಾದೂ ತೋರಿಸುತ್ತಿದ್ದರು. ಇಟ್ಟುಕೊಂಡ ಹೆಸರು 'ಪ್ರೊಫೆಸರ್ ಕೆಲ್ಫಾ'. ಇದೆಂಥ ಪರದೇಶಿ ಹೆಸರು ಅನ್ನಬೇಡಿ, ಫಾಲ್ಕೆಯನ್ನು ತಿರುಗಿಸಿ ಓದಿ. ಅಂದಿನ ಜಾದೂಗಾರರಿಗೆಲ್ಲ ತಾವು ಪ್ರೊಫೆಸರ್ ಆಗಿರಬೇಕೆಂಬ ಆಸೆ ಇತ್ತು, ನಮ್ಮ ಕಡೆ ಇವತ್ತಿಗೂ ಇದೆ.

ಫಾಲ್ಕೆ ಹುಟ್ಟಿದ್ದು 1870ರಲ್ಲಿ, ನಾಸಿಕದ ಹತ್ತಿರದ ತ್ರ್ಯಂಬಕದಲ್ಲಿ. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್, ಆಮೇಲೆ ಬರೋಡೆಯ ಕಲಾಭವನ. ಚಿತ್ರಕಲೆ, ಮೂರ್ತಿ ಮಾಡುವುದು, ಫೋಟೋ, ಬ್ಲಾಕ್ ಮಾಡುವುದು, ನಾಟಕದ ಪರದೆ ಬರೆಯುವುದು, ಎಲ್ಲವನ್ನೂ ಕೈಗೆ ಹಚ್ಚಿಕೊಂಡ ಮನುಷ್ಯ. ಗೋಧ್ರಾದಲ್ಲಿ ಫೋಟೋಗ್ರಾಫರ್ ಆಗಿದ್ದಾಗ 1900ರ ಪ್ಲೇಗಿನಲ್ಲಿ ಹೆಂಡತಿ, ಮಗು ಇಬ್ಬರೂ ಹೋದರು. ಬರೋಡೆಯಲ್ಲಿ ಸ್ಟುಡಿಯೋ ನಡೆಸಲು ಹೋದರೆ ಕ್ಯಾಮೆರಾ ಮೈಯ ಶಕ್ತಿ ಹೀರಿ ಆಯುಷ್ಯ ಕಡಿಮೆ ಮಾಡುತ್ತದೆ ಎಂದು ಜನ ಹತ್ತಿರ ಬರಲಿಲ್ಲ. ನಗಬೇಡಿ, ನಮ್ಮಜ್ಜಿಯೂ ಫೋಟೋಕ್ಕೆ ನಿಲ್ಲುತ್ತಿರಲಿಲ್ಲ.

ಜಾದೂ ಕಲಿತದ್ದು ಈ ದಿನಗಳ ಸುಮಾರಿಗೆ, ಒಬ್ಬ ಜರ್ಮನ್ ಜಾದೂಗಾರನಿಂದ ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಆತ ಕಾರ್ಲ್ ಹರ್ಟ್ಸ್, ಲೂಮಿಯೇರ್ ಸಹೋದರರ ನೌಕರನಾಗಿದ್ದ ಎಂದು ಹತ್ತು ಕಡೆ ಸಿಗುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇಳಿಸಿಕೊಂಡದ್ದು. ಕಾರ್ಲ್ ಹರ್ಟ್ಸ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದವನು. 1896ರಲ್ಲಿ ಲಂಡನ್ನಿನ ರಾಬರ್ಟ್ ಪಾಲ್ ತಯಾರಿಸಿದ ಪ್ರೊಜೆಕ್ಟರನ್ನು ಹಡಗಿನಲ್ಲಿ ಹಾಕಿಕೊಂಡು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಜಾದೂವಿನ ಜೊತೆ ಸಿನಿಮಾ ತೋರಿಸಿದವನು. ಆ ಕಾಲದಲ್ಲಿ ಜಾದೂಗಾರನ ಪೆಟ್ಟಿಗೆಯಲ್ಲೇ ಸಿನಿಮಾ ಊರೂರು ಸುತ್ತುತ್ತಿತ್ತು ಎನ್ನುವುದಕ್ಕೆ ಮಾತ್ರ ಅವನು ಒಳ್ಳೆಯ ಉದಾಹರಣೆ.

1902ರಲ್ಲಿ ಫಾಲ್ಕೆ ಎರಡನೇ ಮದುವೆಯಾದರು. ಹುಡುಗಿಯ ಹೆಸರು ಗಿರಿಜಾ, ಮದುವೆಯಾದ ಮೇಲೆ ಸರಸ್ವತಿ. ಕಿರ್ಲೋಸ್ಕರ್ ನಾಟಕ ಮಂಡಳಿಯ ಮಾಲೀಕರ ಸಂಬಂಧಿ. ಇಲ್ಲಿ ನಾವು ಕನ್ನಡಿಗರು ಸ್ವಲ್ಪ ಕಿವಿ ನೆಟ್ಟಗೆ ಮಾಡಬೇಕು. ಆ ಮಂಡಳಿ ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರಿಗಿಂತ ಮುಂಚೆ 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದು ಕೂಡ, ಉತ್ತರ ಕನ್ನಡದಿಂದ ಬಂದ ಭಾಗವತರ ಮೇಳದ ಆಟ ನೋಡಿದ ಅಲ್ಲಿನ ರಾಜರು ಇಂಥದ್ದೊಂದು ನಮ್ಮಲ್ಲೂ ಆಗಲಿ ಎಂದದ್ದರಿಂದ. ಮರಾಠಿ ಗೆಳೆಯರ ಎದುರು ಇದನ್ನು ಹೇಳುವಾಗ ನಾನು ಸ್ವಲ್ಪ ಮೆಲ್ಲಗೆ ಹೇಳುತ್ತೇನೆ, ಆದರೆ ಹೇಳದೆ ಬಿಡುವುದಿಲ್ಲ. ಅವರೂ ಒಪ್ಪುತ್ತಾರೆ, ಬಿಡಿ.

ಇನ್ನು ಲೋಣಾವಳೆಗೆ ಬರೋಣ. ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದ್ದ ದಿನಗಳು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ್ದ ಚಿತ್ರಮುದ್ರಣಾಲಯ 1899ರಲ್ಲಿ ಲೋಣಾವಳೆಯ ಪಕ್ಕದ ಮಳವಲಿಗೆ ಬಂತು. ಪುಣೆಯಿಂದ ಹೋಗುವಾಗ ಲೋಣಾವಳಾಕ್ಕೆ ಒಂದು ಸ್ಟೇಷನ್ ಮೊದಲು ಮಳವಲಿ. ಕಾರ್ಲಾ, ಭಾಜಾ ಗುಹೆಗಳಿಗೆ ಹೋಗುವವರು ಇಳಿಯುವ ಜಾಗ. ಸಾಲ ಏರಿ 1901ರಲ್ಲಿ ರವಿವರ್ಮ ಅದನ್ನು ತಮ್ಮಲ್ಲೇ ಇದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಕರ್‌ಗೆ ಮಾರಿದರು. ಹಿಂದೆ ನಮ್ಮ ಮನೆಗಳ ದೇವರ ಕೋಣೆಯಲ್ಲಿದ್ದ ಕಟ್ಟು ಹಾಕಿಸಿದ ಲಕ್ಷ್ಮಿ, ಸರಸ್ವತಿಯರ ಎಷ್ಟೋ ಪಟಗಳು ಅಚ್ಚಾದದ್ದು ಈ ಮಳವಲಿಯಲ್ಲಿ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮನ ಮೂಲ ಚಿತ್ರ ನೋಡಿದವರು ನಮ್ಮಲ್ಲಿ ಕಡಿಮೆ. ಮಳವಲಿಯ ಅಚ್ಚು ನೋಡದವರು ಇನ್ನೂ ಕಡಿಮೆ.

ಕಲ್ಲಚ್ಚಿನ ಕೆಲಸ ಎಂಥದ್ದು ಗೊತ್ತೇ? ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಆ ಬಣ್ಣದ ಭಾಗ ಮಾತ್ರ ಬರೆಯಬೇಕು. ಕಲ್ಲಿಗೆ ನೀರು ಬಳಿದರೆ ಜಿಡ್ಡಿದ್ದ ಕಡೆ ನೀರು ನಿಲ್ಲುವುದಿಲ್ಲ, ನೀರಿದ್ದ ಕಡೆ ಶಾಯಿ ನಿಲ್ಲುವುದಿಲ್ಲ. ಅದೇ ಕಾಗದವನ್ನು ಮತ್ತೆ ಮತ್ತೆ ಬೇರೆ ಬೇರೆ ಕಲ್ಲಿನ ಮೇಲೆ ಒತ್ತುತ್ತಾ ಹೋದರೆ ಕೊನೆಗೆ ದೇವಿ ಮೂಡುತ್ತಾಳೆ. ಕಾಗದ ಕೂದಲೆಳೆಯಷ್ಟು ಸರಿದರೂ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಬಂದು ಕೂರುತ್ತದೆ!

ಫಾಲ್ಕೆ 1903ರಲ್ಲಿ ಪುರಾತತ್ವ ಇಲಾಖೆಯಲ್ಲಿ ಫೋಟೋಗ್ರಾಫರ್ ಮತ್ತು ನಕ್ಷೆಗಾರರಾಗಿ ಸೇರಿದ್ದರು. ಸ್ವದೇಶಿ ಚಳವಳಿಯ ಕಾವಿನ ದಿನಗಳು. 1906ರಲ್ಲಿ ಆ ಸರಕಾರಿ ನೌಕರಿ ಬಿಟ್ಟು ಪಾಲುದಾರರೊಬ್ಬರನ್ನು ಸೇರಿಸಿಕೊಂಡು ಲೋಣಾವಳೆಯಲ್ಲಿ 'ಫಾಲ್ಕೆ ಎನ್‌ಗ್ರೇವಿಂಗ್ ಆ್ಯಂಡ್ ಪ್ರಿಂಟಿಂಗ್ ವರ್ಕ್ಸ್' ತೆರೆದರು. ಮುಖ್ಯ ಗಿರಾಕಿ ಪಕ್ಕದ ರವಿವರ್ಮಾ ಪ್ರೆಸ್. ಫೋಟೋದಿಂದ ಕಲ್ಲಿಗೆ ಚಿತ್ರ ಇಳಿಸಿಕೊಡುವ ಕೆಲಸ. ರವಿವರ್ಮ ತೀರಿಕೊಂಡದ್ದೂ ಅದೇ ವರ್ಷ ಅಕ್ಟೋಬರಿನಲ್ಲಿ. ಕೆಲಸ ಹೆಚ್ಚಾಗಿ ಫಾಲ್ಕೆಯವರ ಪ್ರೆಸ್ಸು ದಾದರಿಗೆ ಹೋಯಿತು, 1908ರಲ್ಲಿ ಪಾಲುದಾರರು ಬದಲಾಗಿ ಲಕ್ಷ್ಮಿ ಆರ್ಟ್ ಪ್ರಿಂಟಿಂಗ್ ವರ್ಕ್ಸ್ ಆಯಿತು. 1909ರಲ್ಲಿ ಬಣ್ಣದ ಯಂತ್ರ ತರಲು ಜರ್ಮನಿಗೂ ಹೋಗಿ ಬಂದರು. ಕೊನೆಗೆ ಪಾಲುದಾರರ ಜೊತೆ ಸರಿಹೋಗದೆ ಒಂದು ಪೈಸೆಯನ್ನೂ ಕೇಳದೆ ಎದ್ದು ಬಂದುಬಿಟ್ಟರು. ಮನೆಯಲ್ಲಿ ಹೆಂಡತಿ, ಮಕ್ಕಳು. ವಯಸ್ಸು ನಲವತ್ತು. ಕೈಯಲ್ಲಿ ಉಳಿದದ್ದು ಕಣ್ಣನ್ನು ಮರುಳು ಮಾಡುವ ನಾಲ್ಕಾರು ವಿದ್ಯೆಗಳು.

ಈ ಸಂದಿನಲ್ಲೇ ಅವರು ಗಿರಗಾಂವದ ಅಮೆರಿಕಾ-ಇಂಡಿಯಾ ಪಿಕ್ಚರ್ ಪ್ಯಾಲೇಸಿನಲ್ಲಿ ಕ್ರಿಸ್ತನ ಜೀವನದ ಮೇಲಿನ ಚಿತ್ರ ನೋಡಿದ್ದು, ಪರದೆಯ ಮೇಲೆ ಕ್ರಿಸ್ತ ಓಡಾಡುತ್ತಿದ್ದರೆ ಅವರಿಗೆ ರಾಮ, ಕೃಷ್ಣರು ಕಂಡದ್ದು. ಈ ಕಥೆ ನಿಮಗೆ ಗೊತ್ತೇ ಇರುತ್ತದೆ. ಸಿನಿಮಾ ನೋಡಿ ನೋಡಿ ಕಣ್ಣು ಹೋಗುವಂತಾಯಿತು, ಡಾಕ್ಟರು ಉಳಿಸಿದರು. 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೋದರು, ಸೆಸಿಲ್ ಹೆಪ್‌ವರ್ತ್‌ರ ಸ್ಟುಡಿಯೋದಲ್ಲಿ ಕೆಲಸ ನೋಡಿದರು, ವಿಲಿಯಮ್ಸನ್ ಕ್ಯಾಮೆರಾ ಕೊಂಡರು, ಎರಡು ವಾರಕ್ಕೆ ಹೊರಟು ಬಂದರು. ಆ ಪ್ರಯಾಣಕ್ಕೆ ದುಡ್ಡು ಹೊಂದಿಸಲು ಅಡವಿಟ್ಟದ್ದು ತಮ್ಮ ಜೀವವಿಮೆಯ ಪಾಲಿಸಿಗಳನ್ನು. ಜಾದೂಗಾರನಿಗೆ ಜೀವವಿಮೆ ಇತ್ತು ಎನ್ನುವುದೇ ನನಗೆ ಆಶ್ಚರ್ಯ!

ದುಡ್ಡು ಹಾಕುವವರನ್ನು ನಂಬಿಸಲು ಒಂದು ನಮೂನೆ ಬೇಕಿತ್ತಲ್ಲ, ಅದಕ್ಕೆ ಫಾಲ್ಕೆ ಏನು ಮಾಡಿದರು ನೋಡಿ. ಕುಂಡದಲ್ಲಿ ಒಂದು ಬಟಾಣಿ ಕಾಳು ಊರಿ, ಅದರ ಮುಂದೆ ಕ್ಯಾಮೆರಾ ಕದಲದಂತೆ ಇಟ್ಟು, ಒಂದು ತಿಂಗಳಿಗೂ ಹೆಚ್ಚು ಕಾಲ ಆಗಾಗ ಒಂದೊಂದೇ ಚಿತ್ರ ತೆಗೆಯುತ್ತಾ ಹೋದರು. ಓಡಿಸಿ ನೋಡಿದರೆ ಒಂದು ನಿಮಿಷದ ಆಚೀಚೆ. ಕಾಳು ಬಿರಿದು, ಮೊಳಕೆ ಎದ್ದು, ಬಳ್ಳಿಯಾಗಿಬಿಡುತ್ತದೆ. 'ಅಂಕುರಾಚಿ ವಾಢ್' ಎಂದು ಅದರ ಹೆಸರು, ಮೊಳಕೆಯ ಬೆಳವಣಿಗೆ ಎಂದು ಅರ್ಥ.

ಎಷ್ಟೋ ವಿಷಯಗಳಿರುವಾಗ ಗಿಡವೇ ಯಾಕೆ? ಸಿನಿಮಾ ಇತಿಹಾಸ ಬರೆಯುವವರು ಇದನ್ನು ವಿಜ್ಞಾನದ ಪ್ರಯೋಗ ಎಂಬಂತೆ ಬರೆಯುತ್ತಾರೆ. ನನಗಂತೂ ಇದು ಅಪ್ಪಟ ಜಾದೂಗಾರನ ಆಯ್ಕೆ ಅನ್ನಿಸುತ್ತದೆ. 'ಇಲ್ಯೂಷನಿಸ್ಟ್' ಚಿತ್ರದಲ್ಲಿ ಐಸೆನ್‌ಹೈಮ್ ಒಂದು ಬೀಜ ಊರುತ್ತಾನೆ, ನೋಡುತ್ತಿದ್ದಂತೆ ಕಿತ್ತಳೆ ಗಿಡ ಎದ್ದು ನಿಂತು ಹಣ್ಣು ಬಿಡುತ್ತದೆ, ಎರಡು ಚಿಟ್ಟೆಗಳು ಪ್ರೇಕ್ಷಕಿಯ ಕರವಸ್ತ್ರ ಹಿಡಿದು ಹಾರಿ ಬರುತ್ತವೆ. ಅದು ಕಟ್ಟುಕಥೆಯಲ್ಲ, ಫ್ರಾನ್ಸಿನ ರಾಬರ್ಟ್-ಹೂದಾಂ (1805-1871) ವೇದಿಕೆಯ ಮೇಲೆ ನಿಜವಾಗಿ ತೋರಿಸುತ್ತಿದ್ದದ್ದು. ಟೊಳ್ಳು ಕೊಂಬೆಗಳು, ಒಳಗಿಂದ ಹೊರಗೆ ತಳ್ಳುವ ಹೂಗಳು, ಎಲೆಗಳ ಮರೆಯಲ್ಲಿ ಮೊದಲೇ ಚುಚ್ಚಿಟ್ಟ ಹಣ್ಣುಗಳು. ಹಣ್ಣು ಮಾತ್ರ ಅಸಲಿ, ಕಿತ್ತು ಜನರಿಗೆ ಹಂಚುತ್ತಿದ್ದ.

ಅವನಿಗಿಂತ ಎಷ್ಟೋ ಮೊದಲು ನಮ್ಮ ಬೀದಿ ಗಾರುಡಿಗರು ಬಯಲಲ್ಲಿ ಕೂತು ಮಾವಿನ ಗಿಡ ಬೆಳೆಸುತ್ತಿದ್ದರು. ವೇದಿಕೆ ಇಲ್ಲ, ಯಂತ್ರ ಇಲ್ಲ. ಒಂದು ಓಟೆ, ಒಂದಿಷ್ಟು ಮಣ್ಣು, ಒಂದು ಹರಕು ಬಟ್ಟೆ. ಬಟ್ಟೆ ಮುಚ್ಚಿ ತೆಗೆದರೆ ಮೊಳಕೆ, ಮತ್ತೆ ಮುಚ್ಚಿ ತೆಗೆದರೆ ಗೇಣುದ್ದದ ಗಿಡ. ಹದಿನೇಳನೇ ಶತಮಾನದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಇದನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಎಲ್ಲಿ ನೋಡಿದ ಅಂತೀರಿ? ಬರೋಡೆಯಲ್ಲಿ! ಎರಡು ಶತಮಾನದ ನಂತರ ಫಾಲ್ಕೆ ಕಲಾಭವನದಲ್ಲಿ ಕಲಿತ ಅದೇ ಬರೋಡೆ. ಕಾಕತಾಳೀಯವೇ ಇರಬಹುದು, ಹೇಳಲು ಖುಷಿಯಾಗುತ್ತದೆ ಅಷ್ಟೆ.

ಬೀದಿ ಗಾರುಡಿಗ ಗಿಡವನ್ನು ಬಟ್ಟೆಯಿಂದ ಮುಚ್ಚುತ್ತಾನೆ, ಫ್ರೆಂಚನು ಎಲೆಯಿಂದ ಮುಚ್ಚುತ್ತಾನೆ. ಫಾಲ್ಕೆ ಗಿಡವನ್ನು ಮುಚ್ಚಲೇ ಇಲ್ಲ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವಿನ ಗಂಟೆಗಳನ್ನು ಮುಚ್ಚಿಟ್ಟರು. ನಮ್ಮ ಕನ್ನಡದಲ್ಲಿ ಜಾದೂವಿಗೆ ಇಂದ್ರಜಾಲ, ಮೋಡಿ, ಯಕ್ಷಿಣಿ, ಗಾರುಡಿ ಎಂದು ಎಷ್ಟು ಹೆಸರು! ನನಗೆ ಬಹಳ ಸರಿಯೆನಿಸುವುದು ಕಣ್ಕಟ್ಟು. ಸಿನಿಮಾ ಎನ್ನುವುದು ಪಕ್ಕಾ ಕಣ್ಕಟ್ಟು. ನಿಂತ ಚಿತ್ರಗಳನ್ನು ಸೆಕೆಂಡಿಗೆ ಹದಿನಾರರಂತೆ ತೋರಿಸಿದರೆ ಕಣ್ಣು ತಾನೇ ತನ್ನನ್ನು ಕಟ್ಟಿಕೊಳ್ಳುತ್ತದೆ.

ಈಗ ನಮ್ಮನೆಯವಳ ಪ್ರಶ್ನೆ. 1886ರಲ್ಲಿ ಬುವಾತಿಯೇ ದ ಕೋಲ್ತಾ ಎಂಬ ಫ್ರೆಂಚ್ ಜಾದೂಗಾರ ಒಂದು ಹೊಸ ಆಟ ತಂದ. ನೆಲದ ಮೇಲೆ ವೃತ್ತಪತ್ರಿಕೆ ಹಾಸಿ, ಮೇಲೆ ಕುರ್ಚಿ ಇಟ್ಟು, ಒಬ್ಬಳನ್ನು ಕೂರಿಸಿ ರೇಷ್ಮೆ ಬಟ್ಟೆ ಹೊದಿಸಿ ಎಳೆದರೆ ಆಕೆ ಇಲ್ಲ. ಕೆಳಗೆ ಕಳ್ಳಬಾಗಿಲು. ಪತ್ರಿಕೆಯಂತೆ ಕಾಣುತ್ತಿದ್ದದ್ದು ಸೀಳು ಬಿಟ್ಟ ರಬ್ಬರ್ ಹಾಳೆ. ಆಮೇಲೆ ಊರೂರಿನ ಜಾದೂಗಾರರೆಲ್ಲ ಹೆಂಗಸರನ್ನು ಮಾಯ ಮಾಡಲು ಶುರುಮಾಡಿದರು. ರಾಬರ್ಟ್-ಹೂದಾಂ ಹೆಸರಿನ ಥಿಯೇಟರನ್ನು 1888ರಲ್ಲಿ ಕೊಂಡ ಜಾರ್ಜ್ ಮೆಲಿಯೇ 1896ರಲ್ಲಿ ಅದೇ ಆಟವನ್ನು ಸಿನಿಮಾ ಮಾಡಿದ. ಅವನಿಗೆ ಕಳ್ಳಬಾಗಿಲು ಬೇಕಾಗಲಿಲ್ಲ. ಕ್ಯಾಮೆರಾ ನಿಲ್ಲಿಸಿದ, ಆಕೆ ಎದ್ದು ಹೋದಳು, ಮತ್ತೆ ಕ್ಯಾಮೆರಾ ತಿರುಗಿಸಿದ. ಮಾಯವಾದ ನಟಿ ಜೆಹಾನ್ ದಾಲ್ಸಿ. ಎಷ್ಟೋ ವರ್ಷಗಳ ನಂತರ ದಿವಾಳಿಯಾದ ಮೆಲಿಯೇಯನ್ನು ಮದುವೆಯಾಗಿ ಪ್ಯಾರಿಸ್ಸಿನ ಮೋಂಪಾರ್ನಾಸ್ ರೈಲು ನಿಲ್ದಾಣದ ಆಟಿಕೆ ಅಂಗಡಿಯಲ್ಲಿ ಜೊತೆಗೆ ಕೂತವಳು ಅವಳೇ.

ಫಾಲ್ಕೆಯವರ ವಿಷಯದಲ್ಲಿ ಈ ಆಟ ಬೇರೆ ಥರ ನಡೆಯಿತು. 1913ರ ಮೇ 3ರಂದು ಗಿರಗಾಂವದ ಕಾರೋನೇಶನ್ ಥಿಯೇಟರಿನಲ್ಲಿ 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು. ನಮಗೆ ರಾಘವಾಂಕನಿಂದ ಗೊತ್ತಿರುವ ಹರಿಶ್ಚಂದ್ರನೇ. ಅದರಲ್ಲಿ ಒಬ್ಬ ಹೆಂಗಸೂ ಇಲ್ಲ. ಜಾಹೀರಾತು ಕೊಟ್ಟು, ಬೇಡಿಕೊಂಡು, ಎಲ್ಲೆಲ್ಲೋ ಅಲೆದರೂ ತಾರಾಮತಿಯ ಪಾತ್ರಕ್ಕೆ ಯಾರೂ ಸಿಗಲಿಲ್ಲ. ಕೊನೆಗೆ ಗ್ರ್ಯಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತೆಳ್ಳಗಿನ ಬೆರಳುಗಳ ಹುಡುಗ ತಾರಾಮತಿಯಾದ. ಹೆಣ್ಣು ಪಾತ್ರದವರು ಮೀಸೆ ತೆಗೆಯಲು ತಕರಾರು ಮಾಡಿದರಂತೆ. ಅಪ್ಪ ಬದುಕಿರುವಾಗ ಮೀಸೆ ಬೋಳಿಸುವುದು ಹೇಗೆ? ಸಿನಿಮಾ ಕೆಲಸ ಎಂದರೆ ಜನ ಮೂಗು ಮುರಿಯುತ್ತಾರೆಂದು 'ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿ ಕೆಲಸ' ಎಂದು ಹೇಳಿಕೊಳ್ಳಲು ಫಾಲ್ಕೆ ಕಲಿಸಿದ್ದರು. ಇದೇ ಹೆಸರಿನಲ್ಲಿ, 'ಹರಿಶ್ಚಂದ್ರಾಚಿ ಫ್ಯಾಕ್ಟರಿ' ಎಂದು, ಪರೇಶ್ ಮೋಕಾಶಿ 2009ರಲ್ಲಿ ಒಂದು ಸೊಗಸಾದ ಮರಾಠಿ ಚಿತ್ರ ಮಾಡಿದ್ದಾರೆ, ಹುಡುಕಿ ನೋಡಿ.

ಪರದೆಯ ಮೇಲೆ ಹೆಂಗಸಿಲ್ಲ, ಪರದೆಯ ಹಿಂದೆ ಒಬ್ಬಳಿದ್ದಳು. ಸರಸ್ವತಿಬಾಯಿ. ದಾದರಿನ ಮನೆಯಲ್ಲೇ ಸ್ಟುಡಿಯೋ. ಬಿಸಿಲಿಗೆ ಬಿಳಿ ಹಾಸಿಗೆ ಬಟ್ಟೆ ಹಿಡಿದು ನಿಂತು ನಟರ ಮುಖಕ್ಕೆ ಬೆಳಕು ತಿರುಗಿಸಿದವಳು ಆಕೆ. ಇಡೀ ತಂಡಕ್ಕೆ ದಿನಾ ಅಡುಗೆ ಮಾಡಿ ಬಡಿಸಿದವಳು, ಅವರ ವೇಷದ ಬಟ್ಟೆ ಒಗೆದವಳು ಆಕೆ. ದುಡ್ಡು ಮುಗಿದಾಗ ಅಡವಿಗೆ ಹೋದದ್ದು ಆಕೆಯ ಒಡವೆ. ರೋಹಿತಾಶ್ವನಾಗಿ ನಟಿಸಿದ್ದು ಅವರದೇ ಮಗ ಭಾಲಚಂದ್ರ. ಪರದೆಯ ಮೇಲೆ ಆ ಮಗು ಸಾಯುವುದನ್ನು ತಾಯಿ ನೋಡಬೇಕು!

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಕೆಲಸ. ಆಗ ಫಿಲಂ ಸುರುಳಿ ತೂತಿಲ್ಲದೆ ಬರುತ್ತಿತ್ತು. ಅಂಚಿಗೆ ತೂತು ಹೊಡೆಯದಿದ್ದರೆ ಕ್ಯಾಮೆರಾದ ಹಲ್ಲು ಫಿಲಮ್ಮನ್ನು ಎಳೆಯುವುದಿಲ್ಲ. ಬೆಳಕು ಬಿದ್ದರೆ ಫಿಲಂ ಹಾಳು, ಹಾಗಾಗಿ ಕತ್ತಲಲ್ಲೇ ಮಾಡಬೇಕು. ಹಗಲೆಲ್ಲ ಅಡುಗೆ, ಮಕ್ಕಳು, ಶೂಟಿಂಗು. ರಾತ್ರಿ ಕತ್ತಲ ಕೋಣೆಯಲ್ಲಿ ಕೂತು ಸರಸ್ವತಿಬಾಯಿ ಪುಟ್ಟ ಯಂತ್ರದಿಂದ ತೂತು ಹೊಡೆಯುತ್ತಿದ್ದರು, ಫಿಲಂ ತೊಳೆಯುವ ಕೆಲಸದಲ್ಲೂ ಕೈ ಹಾಕುತ್ತಿದ್ದರು. ನನ್ನದು ಲೆಕ್ಕ ಹಾಕುವ ಚಟ, ಒಂದು ಲೆಕ್ಕ ಮಾಡಿದೆ. ಒಂದು ಅಡಿ ಫಿಲಮ್ಮಿನಲ್ಲಿ 16 ಚಿತ್ರ. ಒಂದು ಚಿತ್ರಕ್ಕೆ ಎರಡೂ ಅಂಚಿನದು ಸೇರಿ 8 ತೂತು. 'ರಾಜಾ ಹರಿಶ್ಚಂದ್ರ'ದ ಉದ್ದ 3,700 ಅಡಿ. ಗುಣಿಸಿದರೆ 4,73,600 ತೂತುಗಳು. ಯಂತ್ರ ಒಮ್ಮೆಗೆ ಕೆಲವನ್ನು ಹೊಡೆದರೂ, ಹಾಳಾದ ಫಿಲಮ್ಮನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಇಷ್ಟು!

ಚಿತ್ರವನ್ನು ಊರೂರಿಗೆ ಒಯ್ದಾಗ ಫಾಲ್ಕೆ ಮಾಡಿದ ಜಾಹೀರಾತು ಪ್ರಸಿದ್ಧವಾದದ್ದು. ಮೂರಾಣೆಗೆ 57,000 ಫೋಟೋ, ಎರಡು ಮೈಲು ಉದ್ದದ ಚಿತ್ರ ಎಂದು. ಫೋಟೋ ಲೆಕ್ಕ ಹೆಚ್ಚು ಕಡಿಮೆ ಸರಿ. ಆದರೆ 3,700 ಅಡಿ ಎಂದರೆ ಮುಕ್ಕಾಲು ಮೈಲಿಯೂ ಆಗುವುದಿಲ್ಲ ಸ್ವಾಮೀ! ಪ್ರೊಫೆಸರ್ ಕೆಲ್ಫಾ ಇನ್ನೂ ಪೂರ್ತಿ ನಿವೃತ್ತರಾಗಿರಲಿಲ್ಲ. ನಾಲ್ಕೂಮುಕ್ಕಾಲು ಲಕ್ಷ ತೂತುಗಳ ಸುದ್ದಿ ಆ ಜಾಹೀರಾತಿನಲ್ಲಿ ಇಲ್ಲ.

ಹಾಗೆಂದು ಫಾಲ್ಕೆಯವರನ್ನು ದೂರಲು ನಾನು ಹೊರಟಿಲ್ಲ. ಗುಟ್ಟು ಬಿಡಬಾರದು ಎನ್ನುವುದು ಜಾದೂಗಾರರ ಮೊದಲ ನಿಯಮ. ಪರದೆಯ ಮೇಲೆ ರಾಮ, ಕೃಷ್ಣರು ಬಂದಾಗ ಜನ ಎದ್ದು ಕೈಮುಗಿಯುತ್ತಿದ್ದ ಕಾಲ. ರವಿವರ್ಮನ ಪಟದಲ್ಲಿ ನೋಡಿದ ಅದೇ ನಿಲುವು, ಅದೇ ಉಡುಗೆಯ ದೇವರು ಈಗ ಕಣ್ಣೆದುರು ನಡೆದಾಡುತ್ತಿದ್ದರೆ ಕೈ ತಾನಾಗಿ ಮೇಲೇಳುತ್ತದೆ. ಆ ನಂಬಿಕೆಯ ಮೇಲೆ ಕೂತು ಹಣ ಎಣಿಸುತ್ತಾ ಗುಟ್ಟು ಕಾಪಾಡಬಹುದಿತ್ತು. ಫಾಲ್ಕೆ ಹಾಗೆ ಮಾಡಲಿಲ್ಲ. 1917ರಲ್ಲಿ, 'ಲಂಕಾ ದಹನ' ಜನರನ್ನು ಮುಗಿಬೀಳಿಸಿದ ಅದೇ ವರ್ಷ, ಸಿನಿಮಾ ಹೇಗೆ ತಯಾರಾಗುತ್ತದೆ ಎಂದು ತೋರಿಸುವ ಒಂದು ಕಿರುಚಿತ್ರ ತೆಗೆದರು. ಅದರಲ್ಲಿ ತಾವೇ ನಟರಿಗೆ ಹೇಳಿಕೊಡುತ್ತಾರೆ, ಫಿಲಂ ಹಿಡಿದು ನೋಡುತ್ತಾರೆ, ಕತ್ತರಿಸಿ ಜೋಡಿಸುತ್ತಾರೆ. ಅದೇ ಹೊತ್ತಿಗೆ 'ನವಯುಗ' ಮಾಸಿಕದಲ್ಲಿ ಸಿನಿಮಾ ಮಾಡಿದ ಬಗೆಯನ್ನು ಲೇಖನಗಳಾಗಿ ಬರೆದರು. ತಮ್ಮ ಜಾದೂವನ್ನೂ 'ಪ್ರೊಫೆಸರ್ ಕೆಲ್ಫಾ' ಹೆಸರಿನಲ್ಲಿ ಚಿತ್ರೀಕರಿಸಿ ಇಟ್ಟರು.

1919ರ 'ಕಾಳಿಯ ಮರ್ದನ'ದ ಮೊದಲ ದೃಶ್ಯವಂತೂ ನನಗೆ ಎಷ್ಟು ನೋಡಿದರೂ ಸಾಲದು. ಕೃಷ್ಣನ ಪಾತ್ರ ಮಾಡಿದವಳು ಅವರ ಪುಟ್ಟ ಮಗಳು ಮಂದಾಕಿನಿ. ಕಥೆ ಶುರುವಾಗುವ ಮೊದಲು ಆ ಹುಡುಗಿ ವೇಷವಿಲ್ಲದೆ ಕ್ಯಾಮೆರಾದ ಮುಂದೆ ಬಂದು ನಗು, ಅಳು, ಸಿಟ್ಟು ಎಲ್ಲ ಮಾಡಿ ತೋರಿಸುತ್ತಾಳೆ. ಇವಳು ನನ್ನ ಮಗಳು, ಇನ್ನು ಇವಳೇ ನಿಮ್ಮ ಕೃಷ್ಣ ಎಂದು ಮೊದಲೇ ಹೇಳಿಬಿಟ್ಟಂತೆ! ಗೊತ್ತಿದ್ದೂ ಜನ ಕೈಮುಗಿದರು. 'ಇಲ್ಯೂಷನಿಸ್ಟ್'ನಲ್ಲಿ ಐಸೆನ್‌ಹೈಮ್ ಕೂಡ ಒಂದು ಕಡೆ ಗುಂಪಿನೆದುರು ನಿಂತು, ನಾನು ತೋರಿಸುವುದೆಲ್ಲ ಬರೀ ಆಟ ಎನ್ನಬೇಕಾಗುತ್ತದೆ. ಅವನು ಹೇಳುವುದು ಪೊಲೀಸರ ಕಾಟಕ್ಕೆ. ಫಾಲ್ಕೆಯವರನ್ನು ಯಾರೂ ಬಲವಂತ ಮಾಡಿರಲಿಲ್ಲ.

ಮಗಳು ಪರದೆಗೆ ಬಂದಳು, 1913ರ 'ಮೋಹಿನಿ ಭಸ್ಮಾಸುರ'ದಲ್ಲೇ ಕಮಲಾಬಾಯಿ ಗೋಖಲೆ ಮತ್ತು ಅವರ ತಾಯಿ ದುರ್ಗಾಬಾಯಿ ಕಾಮತ್ ಬಂದಿದ್ದರು. ಹೆಂಡತಿ ಮಾತ್ರ ಬರಲಿಲ್ಲ. ಮೋಕಾಶಿಯವರ ಚಿತ್ರದಲ್ಲಿ ವಿಭಾವರಿ ದೇಶಪಾಂಡೆ ಸರಸ್ವತಿಬಾಯಿಯಾಗಿ ಗಂಡನ ಹುಚ್ಚಾಟಕ್ಕೆ ನಗುತ್ತಾ ಹೆಗಲು ಕೊಡುವುದನ್ನು ನೋಡಿ ನಮ್ಮನೆಯವಳು, "ಈಕಿ ಸಿಕ್ಕಳಲ್ಲ, ಅಷ್ಟ ಸಾಕು" ಅಂದಳು.

ಫಾಲ್ಕೆಯವರ ಕೊನೆಯ ಚಿತ್ರ 'ಗಂಗಾವತರಣ' ತಯಾರಾದದ್ದು 1937ರಲ್ಲಿ ಕೊಲ್ಹಾಪುರದಲ್ಲಿ. ನಮ್ಮ 'ಸತಿ ಸುಲೋಚನ' 1934ರಲ್ಲಿ ಕನ್ನಡ ಮಾತಾಡಲು ಕಲಿತದ್ದೂ ಅದೇ ಊರಿನ ಛತ್ರಪತಿ ಸಿನೆಟೋನಿನಲ್ಲಿ. 1944ರ ಫೆಬ್ರವರಿ 16ರಂದು ಫಾಲ್ಕೆ ನಾಸಿಕದಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿಯನ್ನು 1995ರ ಸಾಲಿಗೆ ನಮ್ಮ ರಾಜ್‌ಕುಮಾರ್ ಪಡೆದರು. 1965ರ 'ಸತ್ಯ ಹರಿಶ್ಚಂದ್ರ'ದ ಹರಿಶ್ಚಂದ್ರ! 2008ರ ಸಾಲಿನದು ಮೈಸೂರಿನಿಂದ ಹೋಗಿ ಮುಂಬಯಿಯಲ್ಲಿ ಹೆಸರು ಮಾಡಿದ ಕ್ಯಾಮೆರಾಮನ್ ವಿ.ಕೆ. ಮೂರ್ತಿಯವರಿಗೆ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದ ಕತ್ತಲಿಗೆ ಎಳೆದು ತಂದವರು. ಪರದೆಯ ಹಿಂದಿನ ತಂತ್ರಜ್ಞರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಬಿಸಿಲಿಗೆ ಬಿಳಿ ಬಟ್ಟೆ ಹಿಡಿದು ನಿಂತವಳ ನೆನಪಾಯಿತು ನನಗೆ.

ಮಳವಲಿಯ ರವಿವರ್ಮಾ ಪ್ರೆಸ್ 1972ರಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. 2003ರ ಜನವರಿಯಲ್ಲಿ ಪುಣೆಯಲ್ಲೇ ಹಳೆಯ ನೈಟ್ರೇಟ್ ಫಿಲಮ್ಮುಗಳನ್ನಿಟ್ಟಿದ್ದ ಉಗ್ರಾಣಕ್ಕೂ ಬೆಂಕಿ ಬಿತ್ತು. ಪುಣ್ಯಕ್ಕೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಫಾಲ್ಕೆಯವರ ಚಿತ್ರಗಳ ಅಳಿದುಳಿದ ಸುರುಳಿಗಳನ್ನು ಹುಡುಕಿ ತಂದು ಉಳಿಸಿದ್ದರು. 'ರಾಜಾ ಹರಿಶ್ಚಂದ್ರ'ದ ಮೊದಲ ಮತ್ತು ಕೊನೆಯ ಸುರುಳಿ ಇವೆ. ವಿಶ್ವಾಮಿತ್ರನ ಬೆಂಕಿಯಲ್ಲಿ ಸಿಕ್ಕಿಕೊಂಡ ಮೂರು ಶಕ್ತಿಗಳನ್ನು ಅದರಲ್ಲಿ ನೋಡಬಹುದು, ಮೂವರೂ ಸೀರೆ ಉಟ್ಟ ಗಂಡಸರು. 'ಕಾಳಿಯ ಮರ್ದನ' ಬಹುಪಾಲು ಉಳಿದಿದೆ. ಯೂಟ್ಯೂಬಿನಲ್ಲಿ ಹುಡುಕಿದರೆ ಎರಡೂ ಸಿಗುತ್ತವೆ, ಸದ್ದಿಲ್ಲದ ಚಿತ್ರ, ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಇನ್ನು ಮುಂದಿನ ಸಲ ಊರಿನವರನ್ನು ಲೋಣಾವಳೆಗೆ ಕರೆದೊಯ್ಯುವಾಗ ಒಂದು ಸ್ಟೇಷನ್ ಮೊದಲೇ ಇಳಿಯಿರಿ. ಭಾಜಾ ಗುಹೆಗೆ ಅಲ್ಲಿಂದ ನಡೆದೇ ಹೋಗಬಹುದು. ಚಿಕ್ಕಿ ಬರುವಾಗ ಕೊಂಡರಾಯಿತು.